ಶೇ. 0.9 ನಿಕಲ್ ಇರುವ ಲಿಮೋನೈಟ್: ಲೀಚ್ ಮಾಡಿದರೆ ಅರ್ಧವೂ ಬರುತ್ತಿಲ್ಲ, ಸೋಸಲೂ ಆಗುತ್ತಿಲ್ಲ

ಕೆಮ್ಮಣ್ಣು:

ಕಡಿಮೆ ದರ್ಜೆಯ ಲ್ಯಾಟರೈಟ್ (ಬಂಡೆ ಶಿಥಿಲವಾಗಿ ಆದ ಕೆಂಪು ಮಣ್ಣು) ಅದಿರನ್ನು ಲೀಚ್ ಮಾಡಿ, ಅಂದರೆ ಆ್ಯಸಿಡ್ಡಿನಲ್ಲಿ ಕರಗಿಸಿ, ನಿಕಲ್ ತೆಗೆಯುವ ಕೆಲಸ, ಸದ್ಯಕ್ಕೆ ಪ್ರಯೋಗಾಲಯದ ಮಟ್ಟದಲ್ಲಿ. ಅದಿರು ಲಿಮೋನೈಟ್, ಅಂದರೆ ಲ್ಯಾಟರೈಟಿನ ಕಬ್ಬಿಣ ಹೆಚ್ಚಿರುವ ಮೇಲ್ಪದರ. ಒಣ ತೂಕದ ಮೇಲೆ ನಿಕಲ್ ಶೇ. 0.9, ಕೋಬಾಲ್ಟ್ 0.08, ಕಬ್ಬಿಣ 44, ಅಲ್ಯೂಮಿನಾ 6, ಮೆಗ್ನೀಷಿಯಾ 1.8, ಸಿಲಿಕಾ 10, ಮ್ಯಾಂಗನೀಸ್ 0.5, ಕ್ರೋಮಿಯಂ ಆಕ್ಸೈಡ್ 2.5.

75 ಮೈಕ್ರಾನ್‌ಗಿಂತ ನುಣ್ಣಗೆ ಅರೆದು, ನೀರು ಬೆರೆಸಿ ಶೇ. 25 ಘನ ಇರುವ ಸ್ಲರಿ (ತೆಳು ಕೆಸರು) ಮಾಡಿ, 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ಗಂಟೆ ಕಲಕಿದೆವು. ಆ್ಯಸಿಡ್ ಟನ್ ಒಣ ಅದಿರಿಗೆ 500 ಕೆಜಿ ಲೆಕ್ಕದಲ್ಲಿ ಸಲ್ಫ್ಯೂರಿಕ್. ದ್ರಾವಣಕ್ಕೆ ಬಂದದ್ದು ನಿಕಲ್ ಶೇ. 41, ಕಬ್ಬಿಣ ಶೇ. 32, ಕೋಬಾಲ್ಟ್ ಶೇ. 20. ಲೀಟರಿಗೆ ಲೆಕ್ಕ ಹಾಕಿದರೆ ಕಬ್ಬಿಣ 47 ಗ್ರಾಂ, ನಿಕಲ್ 1.2 ಗ್ರಾಂ, ಉಳಿದ ಆ್ಯಸಿಡ್ 12 ಗ್ರಾಂ. 12 ಗಂಟೆ ಬಿಟ್ಟರೂ ಹೆಚ್ಚೇನೂ ಏರಲಿಲ್ಲ.

ಕಬ್ಬಿಣ ತೆಗೆಯಲು ಸುಣ್ಣದ ಹಾಲು ಹಾಕಿ ಪಿಎಚ್ 4ಕ್ಕೆ ತಂದರೆ ಕಂದು ಬಣ್ಣದ ಲೋಳೆಯಂಥದ್ದು ಬರುತ್ತದೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕರಗಿದ್ದ ನಿಕಲ್‌ನಲ್ಲಿ ಮೂರನೇ ಒಂದು ಭಾಗ ಅದರ ಜೊತೆಗೇ ಹೋಗುತ್ತದೆ.

ಕೇಳಬೇಕಾದದ್ದು ಮೂರು. ಆ್ಯಸಿಡ್ ಹೆಚ್ಚಿಸಬೇಕೋ, ಉಷ್ಣತೆ ಹೆಚ್ಚಿಸಬೇಕೋ? ಲೀಚಿಂಗ್‌ಗೆ ಮೊದಲೇ ಅದಿರಿನ ದರ್ಜೆ ಏರಿಸಲು ದಾರಿ ಇದೆಯೇ? ಕಬ್ಬಿಣವನ್ನು ನಿಕಲ್ ಕಳೆದುಕೊಳ್ಳದೆ ಬೇರ್ಪಡಿಸುವುದು ಹೇಗೆ?

ಗೋಥೈಟ್:

ನಿಮ್ಮ ಅಂಕಿಗಳಲ್ಲೇ ಮೊದಲ ಪ್ರಶ್ನೆಗೆ ಉತ್ತರ ಇದೆ. ಲಿಮೋನೈಟ್‌ನಲ್ಲಿ ನಿಕಲ್‌ಗೆ ಅಂತ ಬೇರೆ ಖನಿಜ ಇರುವುದಿಲ್ಲ. ಗೋಥೈಟ್ (ನೀರು ಕೂಡಿದ ಕಬ್ಬಿಣದ ಆಕ್ಸೈಡ್ ಖನಿಜ) ಹರಳಿನೊಳಗೆ ಕಬ್ಬಿಣದ ಜಾಗದಲ್ಲಿ ಅದು ಕೂತಿರುತ್ತದೆ. ಹರಳು ಕರಗದೆ ನಿಕಲ್ ಬಿಡುವುದಿಲ್ಲ. ಆದ್ದರಿಂದಲೇ ಕಬ್ಬಿಣ ಶೇ. 32, ನಿಕಲ್ ಶೇ. 41 ಹೀಗೆ ಹೆಚ್ಚುಕಡಿಮೆ ಜೊತೆಯಾಗಿ ನಡೆದಿವೆ. ಮೇಲಿನ 9 ಅಂಶ ಮ್ಯಾಂಗನೀಸ್ ಆಕ್ಸೈಡ್‌ನಲ್ಲೋ, ಕಣಗಳ ಮೇಲ್ಮೈಯಲ್ಲೋ, ಒಂದಿಷ್ಟು ಸಿಲಿಕೇಟ್‌ನಲ್ಲೋ ಇದ್ದದ್ದು.

ಈಗ ಆ್ಯಸಿಡ್ ಲೆಕ್ಕ ಹಾಕಿ. 1 ಕೆಜಿ ಕಬ್ಬಿಣ ಫೆರಿಕ್ ಸಲ್ಫೇಟ್ ಆಗಲು 2.63 ಕೆಜಿ ಆ್ಯಸಿಡ್ ಬೇಕು. ಅಲ್ಯೂಮಿನಿಯಂಗೆ 5.45, ಮೆಗ್ನೀಷಿಯಂಗೆ 4.03, ನಿಕಲ್‌ಗೆ 1.67 ಕೆಜಿ. ನಿಮ್ಮ ಒಂದು ಟನ್ನಿನಲ್ಲಿ 440 ಕೆಜಿ ಕಬ್ಬಿಣ ಇದೆ. ಕರಗಿದ್ದು 141 ಕೆಜಿ, ಅದಕ್ಕೇ 370 ಕೆಜಿ ಆ್ಯಸಿಡ್ ಹೋಯಿತು. ಮೆಗ್ನೀಷಿಯಂ, ಅಲ್ಯೂಮಿನಿಯಂ ಸೇರಿ 90 ಕೆಜಿ ಆಸುಪಾಸು. ಉಳಿದದ್ದು 35 ರಿಂದ 40 ಕೆಜಿ, ಅದೇ ನಿಮ್ಮ ಲೀಟರಿಗೆ 12 ಗ್ರಾಂ. ಅಷ್ಟು ತೆಳು ಆ್ಯಸಿಡ್‌ಗೆ ಗೋಥೈಟ್ ಜಗ್ಗುವುದಿಲ್ಲ. 12 ಗಂಟೆಯಲ್ಲ, ಎರಡು ದಿನ ಬಿಟ್ಟರೂ ಅಷ್ಟೇ.

ಆ್ಯಸಿಡ್ ಹೆಚ್ಚಿಸಿದರೆ ನಿಕಲ್ ಬರುತ್ತದೆ. ಆದರೆ ಗೋಥೈಟ್ ಪೂರ್ತಿ ಕರಗಿಸಲು ಕಬ್ಬಿಣಕ್ಕೇ 1157 ಕೆಜಿ ಬೇಕು, ಉಳಿದವೂ ಸೇರಿದರೆ 1300 ದಾಟುತ್ತದೆ. 9 ಕೆಜಿ ನಿಕಲ್‌ಗೆ ಇಷ್ಟು. ಅಲ್ಲಿಗೂ ಮುಗಿಯುವುದಿಲ್ಲ, ಆ ಕಬ್ಬಿಣವನ್ನು ದ್ರಾವಣದಿಂದ ಮತ್ತೆ ಘನವಾಗಿ ಕೆಳಗಿಳಿಸಲು ಸುಣ್ಣದಕಲ್ಲು ಬೇಕು. ಈಗಿನ 141 ಕೆಜಿ ಕಬ್ಬಿಣ ಮತ್ತು ಉಳಿದ ಆ್ಯಸಿಡ್‌ಗೇ ಸುಮಾರು 415 ಕೆಜಿ ಸುಣ್ಣದಕಲ್ಲು ಹಿಡಿಯುತ್ತದೆ, 715 ಕೆಜಿ ಜಿಪ್ಸಂ ಹುಟ್ಟುತ್ತದೆ. ಒಂದು ಟನ್ ಅದಿರು ತಂದು ಅದಕ್ಕಿಂತ ಹೆಚ್ಚು ಕೆಸರು ಎತ್ತಿ ಹಾಕಬೇಕಾಗುತ್ತದೆ.

ಉಷ್ಣತೆ ಹೆಚ್ಚಿಸಿದಾಗ ಆಟವೇ ಬದಲಾಗುತ್ತದೆ. 245 ರಿಂದ 260 ಡಿಗ್ರಿಯಲ್ಲಿ, ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯೊಳಗೆ, ಗೋಥೈಟ್ ಕರಗಿದ ಬೆನ್ನಿಗೇ ಕಬ್ಬಿಣ ಹೆಮಟೈಟ್ (ನೀರಿಲ್ಲದ ಕಬ್ಬಿಣದ ಆಕ್ಸೈಡ್) ಆಗಿ ಕೂರುತ್ತದೆ, ತಾನು ತಿಂದ ಆ್ಯಸಿಡ್ಡನ್ನು ವಾಪಸ್ ಕೊಡುತ್ತದೆ. ಅಲ್ಯೂಮಿನಿಯಂ ಕೂಡ ಬಹುಪಾಲು ಅಲುನೈಟ್ ಎಂಬ ಸಲ್ಫೇಟ್ ಖನಿಜವಾಗಿ ಇಳಿಯುತ್ತದೆ. ನಿಮ್ಮ ಅದಿರಿಗೆ ಲೆಕ್ಕ: ಮೆಗ್ನೀಷಿಯಾಕ್ಕೆ 44 ಕೆಜಿ, ಅಲುನೈಟ್‌ನಲ್ಲಿ ಸಿಕ್ಕಿಕೊಳ್ಳುವುದು 77, ನಿಕಲ್, ಕೋಬಾಲ್ಟ್, ಮ್ಯಾಂಗನೀಸ್ ಸೇರಿ 25, ಕೊನೆಯಲ್ಲಿ ಲೀಟರಿಗೆ 40 ಗ್ರಾಂ ಉಳಿಯಬೇಕು ಎಂದರೆ ಶೇ. 30 ಘನದ ಸ್ಲರಿಯಲ್ಲಿ 93. ಒಟ್ಟು 240 ಕೆಜಿ. ನೀವು ಹಾಕಿದ್ದರ ಅರ್ಧ. 60 ರಿಂದ 90 ನಿಮಿಷದಲ್ಲಿ ನಿಕಲ್ ಶೇ. 90 ದಾಟುತ್ತದೆ. ಕ್ಯೂಬಾದ ಮೋವಾದಲ್ಲಿ 1959ರಿಂದ ನಡೆದುಕೊಂಡು ಬಂದದ್ದು ಇದೇ ಕ್ರಮ.

ಆ ಉಳಿಯುವ 40 ಗ್ರಾಂ ಏಕೆ ಎಂದು ಕೇಳುವವರಿದ್ದಾರೆ. 250 ಡಿಗ್ರಿಯಲ್ಲಿ ಸಲ್ಫ್ಯೂರಿಕ್ ಆ್ಯಸಿಡ್ಡಿನ ಎರಡನೇ ಪ್ರೋಟಾನ್ ಬಿಡುವುದೇ ಇಲ್ಲ, ಬೈಸಲ್ಫೇಟ್ ಆಗಿಯೇ ಉಳಿಯುತ್ತದೆ. ಕರಗಿದ ಮೆಗ್ನೀಷಿಯಂ ಸಲ್ಫೇಟ್ ಇನ್ನಷ್ಟು ಪ್ರೋಟಾನ್ ಕಟ್ಟಿಹಾಕುತ್ತದೆ. ಅದಕ್ಕೇ ಮೆಗ್ನೀಷಿಯಾ ಹೆಚ್ಚಿರುವ ಸ್ಯಾಪ್ರೊಲೈಟ್ (ಲಿಮೋನೈಟಿನ ಕೆಳಗಿನ ಪದರ) ಆಟೋಕ್ಲೇವ್‌ಗೆ ಆಗಿಬರುವುದಿಲ್ಲ. ನಿಮ್ಮ ಶೇ. 1.8 ಚೆನ್ನಾಗಿಯೇ ಇದೆ.

ಜರಡಿ:

ಎರಡನೇ ಪ್ರಶ್ನೆಗೆ: ಫ್ಲೊಟೇಶನ್ (ಖನಿಜದ ಕಣಗಳನ್ನು ಗಾಳಿಗುಳ್ಳೆಗೆ ಅಂಟಿಸಿ ತೇಲಿಸುವುದು) ಮರೆತುಬಿಡಿ. ಗೋಥೈಟ್‌ನೊಳಗೆ ಚದುರಿರುವ ನಿಕಲ್ ಎಷ್ಟು ಅರೆದರೂ ಬೇರೆ ಕಣವಾಗಿ ಸಿಗುವುದಿಲ್ಲ. ಆದರೆ ಅರೆಯುವ ಮೊದಲು ಒಮ್ಮೆ ನೀರಿನಲ್ಲಿ ಜರಡಿ ಹಿಡಿದು ನೋಡಲೇಬೇಕು. ಅದಿರನ್ನು ನೀರಿನಲ್ಲಿ ಜೋರಾಗಿ ಕಲಕಿ ಜೇಡಿ ಬಿಡಿಸಿ, 2 ಮಿಮೀ, 150, 75, 38 ಮೈಕ್ರಾನ್ ಜರಡಿಗಳಲ್ಲಿ ಬೇರ್ಪಡಿಸಿ, ಪ್ರತಿ ಭಾಗವನ್ನೂ ಬೇರೆ ಬೇರೆ ವಿಶ್ಲೇಷಿಸಿ. ಸಾಮಾನ್ಯವಾಗಿ ನಿಕಲ್ ನುಣುಪಿನ ಕಡೆ ಕೂಡಿಕೊಳ್ಳುತ್ತದೆ. ದಪ್ಪ ಭಾಗದಲ್ಲಿ ಸ್ಫಟಿಕ ಶಿಲೆ, ಕ್ರೋಮೈಟ್, ಗಟ್ಟಿ ಹೆಮಟೈಟ್ ಗುಂಡುಗಳು ಸಿಗುತ್ತವೆ. ಶೇ. 10 ಸಿಲಿಕಾ ಬಿಡಿ ಸ್ಫಟಿಕವಾಗಿದ್ದರೆ ದಪ್ಪ ಭಾಗ ಎಸೆಯುವುದರಿಂದ ದರ್ಜೆ ಸ್ವಲ್ಪ ಏರುತ್ತದೆ, ಉಪಕರಣದ ಸವೆತವೂ ಕಡಿಮೆಯಾಗುತ್ತದೆ. ನೀವು ಎಲ್ಲವನ್ನೂ ಮೊದಲೇ 75 ಮೈಕ್ರಾನ್‌ಗೆ ಅರೆದು ಆ ಅವಕಾಶವನ್ನೇ ಕಳೆದಿದ್ದೀರಿ.

ಇನ್ನೆರಡು ಮಾತು. ಕ್ರೋಮೈಟ್ ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆ್ಯಸಿಡ್ಡಿನ ಮಿಶ್ರಣ) ಕರಗುವುದಿಲ್ಲ. ಅದಿರಿನ ಒಟ್ಟು ನಿಕಲ್ ತಿಳಿಯಲು ಸೋಡಿಯಂ ಪೆರಾಕ್ಸೈಡ್ ಜೊತೆ ಕಾಯಿಸಿ ಕರಗಿಸಿ ವಿಶ್ಲೇಷಿಸಿ. ಶೇಕಡಾವಾರು ಇಳುವರಿಯನ್ನು ದ್ರಾವಣದಿಂದ ಮಾತ್ರ ಲೆಕ್ಕ ಹಾಕಬೇಡಿ, ತೊಳೆದು ಒಣಗಿಸಿದ ಉಳಿಕೆಯನ್ನೂ ವಿಶ್ಲೇಷಿಸಿ ಎರಡನ್ನೂ ತಾಳೆ ನೋಡಿ. ಲ್ಯಾಟರೈಟ್‌ನಲ್ಲಿ ಬಿಡಿ ತೇವವೇ ಶೇ. 30ರ ಮೇಲೆ ಇರಬಹುದು, ಒಣ ತೂಕ ಮತ್ತು ಹಸಿ ತೂಕ ಅದಲುಬದಲಾದರೆ ಆ್ಯಸಿಡ್ ಲೆಕ್ಕವೆಲ್ಲ ಕೆಡುತ್ತದೆ. ಒಣಗಿಸುವುದು 105 ಡಿಗ್ರಿಯಲ್ಲಿ, ಅದಕ್ಕಿಂತ ಮೇಲೆ ಬೇಡ.

ಕೋಬಾಲ್ಟ್ ಶೇ. 20 ಮಾತ್ರ ಬಂದಿರುವುದಕ್ಕೆ ಕಾರಣ ಬೇರೆ. ಅದು ಮ್ಯಾಂಗನೀಸ್ ಆಕ್ಸೈಡ್‌ನಲ್ಲಿದೆ. ಅದಕ್ಕೆ ಆ್ಯಸಿಡ್ ಸಾಲದು, ರಿಡಕ್ಷನ್, ಅಂದರೆ ಆಕ್ಸೈಡಿನ ಆಮ್ಲಜನಕ ಕೀಳುವುದು, ಆಗಬೇಕು. ಫೆರಸ್ ಸಲ್ಫೇಟ್ ಬಳಸುವುದಾದರೆ ಶೇ. 0.5 ಮ್ಯಾಂಗನೀಸ್‌ಗೆ ಟನ್‌ಗೆ ಸುಮಾರು 50 ಕೆಜಿ, ಏಳು ನೀರಿನ ಹರಳಿನ ತೂಕದಲ್ಲಿ. ಇಲ್ಲವೇ ಸಲ್ಫರ್ ಡೈಆಕ್ಸೈಡ್ ಅನಿಲವನ್ನು ನಿಧಾನವಾಗಿ ಹಾಯಿಸಬಹುದು.

ಕುಲುಮೆಮನೆ:

ಆಟೋಕ್ಲೇವ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ: ಆ್ಯಸಿಡ್ ಕಲಸಿ ಹುರಿದು, ಆಮೇಲೆ ಬರೀ ನೀರಿನಲ್ಲಿ ಲೀಚ್ ಮಾಡುವುದು. ಇಲ್ಲೂ ಗೋಥೈಟ್ ಅವರು ಹೇಳಿದ ತತ್ವವೇ, ಕಬ್ಬಿಣ ಹಿಡಿದದ್ದನ್ನು ಬಿಡಿಸಿ ನಿಕಲ್‌ಗೆ ಕೊಡಿಸುವುದು. ಫೆರಿಕ್ ಸಲ್ಫೇಟ್ 600ರ ಮೇಲೆ ಒಡೆದು ಹೆಮಟೈಟ್ ಆಗಲು ತೊಡಗುತ್ತದೆ, ಸಲ್ಫರ್ ಟ್ರೈಆಕ್ಸೈಡ್ ಬಿಡುತ್ತದೆ. ನಿಕಲ್ ಸಲ್ಫೇಟ್ 700ರಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಈ ಎರಡರ ನಡುವಿನ ಕಿಂಡಿಯಲ್ಲಿ ಕೆಲಸ ಮಾಡಬೇಕು.

100 ಗ್ರಾಂ ಒಣ ಅದಿರಿಗೆ ಕ್ರಮ ಹೀಗೆ. ಪೋರ್ಸಿಲೇನ್ ಬಟ್ಟಲಲ್ಲಿ ಅದಿರಿಗೆ 2 ರಿಂದ 3 ಗ್ರಾಂ ಸೋಡಿಯಂ ಸಲ್ಫೇಟ್ ಬೆರೆಸಿ, 20 ರಿಂದ 25 ಮಿಲಿ ನೀರು ಹಾಕಿ ಕಲಸಿ. ಆಮೇಲೆ 22 ಮಿಲಿ ಶೇ. 98 ಆ್ಯಸಿಡ್ಡನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಗಾಜಿನ ಕಡ್ಡಿಯಿಂದ ಕಲಸುತ್ತಿರಿ. ಇದು ಟನ್‌ಗೆ 400 ಕೆಜಿ ಆಯಿತು. ಅನುಕ್ರಮ ತಿರುಗಿಸಬೇಡಿ, ಆ್ಯಸಿಡ್ ಮೇಲೆ ನೀರು ಹೊಯ್ದರೆ ಸಿಡಿಯುತ್ತದೆ. 200 ರಿಂದ 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಗಟ್ಟಿ ಹೆಂಟೆಯಾಗುತ್ತದೆ. ಅದನ್ನು 1 ಮಿಮೀಗಿಂತ ಸಣ್ಣಗೆ ಕುಟ್ಟಿ, ಕುಲುಮೆಯೊಳಗಿಡುವ ದೋಣಿಯಾಕಾರದ ತಟ್ಟೆಯಲ್ಲಿ 10 ಮಿಮೀ ಮೀರದಂತೆ ಹರಡಿ, 680 ರಿಂದ 700 ಡಿಗ್ರಿಯಲ್ಲಿ ಒಂದು ಗಂಟೆ ಹುರಿಯಿರಿ. ಉಷ್ಣತೆ ಅಳೆಯುವ ಥರ್ಮೋಕಪಲ್ ತುದಿ ಹಾಸಿನ ಪಕ್ಕದಲ್ಲೇ ಇರಲಿ, ಕುಲುಮೆಯ ಗೋಡೆಯ ಅಂಕಿ ನಂಬಬೇಡಿ. ತಣಿದ ಮೇಲೆ 80 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಕಲಕಿ ಸೋಸಿ.

ಎಲ್ಲ ಸರಿಯಾದರೆ ನಿಕಲ್ ಶೇ. 80ರ ಆಸುಪಾಸು ಬರಬೇಕು, ಕಬ್ಬಿಣ ಲೀಟರಿಗೆ ಕೆಲವೇ ಗ್ರಾಂ. ಉಳಿಕೆ ಸರಾಗವಾಗಿ ಸೋಸುತ್ತದೆ, ಏಕೆಂದರೆ ಅದು ಹರಳು ಕಟ್ಟಿದ ಹೆಮಟೈಟ್, ಲೋಳೆಯಲ್ಲ.

ತಪ್ಪು ಎಲ್ಲಾಯಿತು ಎಂದು ಕಣ್ಣಲ್ಲೇ ಹೇಳಬಹುದು. ಹುರಿದ ಪುಡಿ ಒಂದೇ ಸಮನೆ ಇಟ್ಟಿಗೆ ಕೆಂಪಿರಬೇಕು. ಮುರಿದು ನೋಡಿದಾಗ ನಡುವೆ ಹಳದಿ ಮಿಶ್ರಿತ ಬಿಳಿ ತಿರುಳಿದ್ದರೆ ಅಲ್ಲಿನ ಫೆರಿಕ್ ಸಲ್ಫೇಟ್ ಒಡೆದಿಲ್ಲ. ಹಾಸು ದಪ್ಪವಾಯಿತು ಅಥವಾ ಹೊತ್ತು ಸಾಲಲಿಲ್ಲ. ಕಬ್ಬಿಣವೂ ಕಡಿಮೆ, ನಿಕಲ್ಲೂ ಕಡಿಮೆ ಎಂದಾದರೆ ಕಾವು ಮೀರಿದೆ, ನಿಕಲ್ ಸಲ್ಫೇಟ್ ಒಡೆದು ನಿಕಲ್ ಫೆರೈಟ್ ಆಗಿದೆ. ಅದು ನೀರಿಗೂ ಬಿಡುವುದಿಲ್ಲ, ತೆಳು ಆ್ಯಸಿಡ್‌ಗೂ ಬಿಡುವುದಿಲ್ಲ. ಗಾಳಿಯನ್ನು ಜೋರಾಗಿ ಹಾಯಿಸಿದರೂ ಹೀಗೇ ಆಗುತ್ತದೆ. ಟ್ರೈಆಕ್ಸೈಡ್ ತನ್ನ ಕೆಲಸ ಮಾಡುವ ಮೊದಲೇ ಕೊಚ್ಚಿಕೊಂಡು ಹೋಗುತ್ತದೆ. ಸೋಡಿಯಂ ಸಲ್ಫೇಟ್ ಹಾಕುವುದು ಅದನ್ನು ಹಾಸಿನಲ್ಲೇ ಹಿಡಿದಿಡಲಿಕ್ಕೆ.

ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಸಲ್ಫೇಟ್‌ಗಳು ಈ ಕಾವಿಗೆ ಪೂರ್ತಿ ಒಡೆಯುವುದಿಲ್ಲ, ನಿಕಲ್ ಜೊತೆಗೇ ನೀರಿಗೆ ಬರುತ್ತವೆ. ಅವನ್ನು ಮುಂದಿನ ಹಂತದಲ್ಲಿ ನೋಡಿಕೊಳ್ಳಬೇಕು.

ಕೆಮ್ಮಣ್ಣು:

ಎಲ್ಲರಿಗೂ ಧನ್ಯವಾದ. ಆ್ಯಸಿಡ್ ಲೆಕ್ಕ ನೋಡಿದ ಮೇಲೆ 500ರಲ್ಲಿ ಏಕೆ ನಿಂತಿತು ಎಂಬುದು ಸ್ಪಷ್ಟವಾಯಿತು. ಆಟೋಕ್ಲೇವ್ ಇಲ್ಲ, ಕ್ವಾರ್ಟ್ಜ್ ಕೊಳವೆಯ ಕುಲುಮೆ ಇದೆ. ಹುರಿಯುವ ದಾರಿಯನ್ನೇ ಹಿಡಿಯುತ್ತೇವೆ. ಇನ್ನೂ ಮೂರು ಸಂದೇಹ. ಹುರಿದ ಮೇಲೂ ಉಳಿಯುವ ಕಬ್ಬಿಣ, ಅಲ್ಯೂಮಿನಿಯಂ ತೆಗೆಯುವಾಗ ಅದೇ ಲೋಳೆ ಬರುವುದಿಲ್ಲವೇ? ಹೊಗೆಯನ್ನು ಏನು ಮಾಡುವುದು? ಹುರಿಯುವುದೇ ಆದರೆ ಕ್ಯಾರನ್ ವಿಧಾನದಲ್ಲಿ ಅಮೋನಿಯಾ ಲೀಚ್ ಮಾಡಬಾರದೇಕೆ?

ಸೋಸುಬಟ್ಟೆ:

ಲೋಳೆ ಬಂದದ್ದು ಸುಣ್ಣದ ಹಾಲಿನಿಂದ ಮತ್ತು ಅವಸರದಿಂದ. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಪಿಎಚ್ 10 ದಾಟುತ್ತದೆ. ಅಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ನಿಕಲ್ ಎಲ್ಲವೂ ಒಟ್ಟಿಗೆ ಹೈಡ್ರಾಕ್ಸೈಡ್ ಆಗಿ ಮುದ್ದೆ ಕಟ್ಟುತ್ತವೆ. ಮೀಟರ್ 4 ತೋರಿಸುತ್ತಿದ್ದರೂ ಒಳಗೆ ಸಿಕ್ಕಿಕೊಂಡ ನಿಕಲ್ ಮತ್ತೆ ಕರಗುವುದಿಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಆ ಕೇಕನ್ನು (ಫಿಲ್ಟರ್ ಮೇಲೆ ಉಳಿದ ಮುದ್ದೆ) ಪಿಎಚ್ 3ರ ಆ್ಯಸಿಡ್ ನೀರಿನಲ್ಲಿ ಮತ್ತೆ ಕಲಕಿ ಸೋಸಿ, ಹೀಗೆ ಎರಡು ಸಲ. ತೊಳೆದ ನೀರಿಗೆ ಬಂದ ನಿಕಲ್ ಕೇಕ್‌ನ ತೇವದಲ್ಲಿ ಉಳಿದಿದ್ದದ್ದು. ಬಾರದೆ ಉಳಿದದ್ದು ಕಬ್ಬಿಣದ ಜೊತೆ ನಿಜವಾಗಿ ಇಳಿದದ್ದು. ಲೋಳೆ ಕೇಕ್‌ನಲ್ಲಿ ಮುಕ್ಕಾಲು ಭಾಗ ದ್ರಾವಣವೇ ಇರುತ್ತದೆ. ನಿಮ್ಮ ಮೂರನೇ ಒಂದು ಭಾಗದಲ್ಲಿ ಬಹುಪಾಲು ತೊಳೆಯದೆ ಬಿಟ್ಟದ್ದೇ ಆಗಿರಬಹುದು. ಇವೆರಡರ ಮದ್ದು ಬೇರೆ ಬೇರೆ.

ಕಬ್ಬಿಣ ಹೆಚ್ಚಿರುವ ದ್ರಾವಣಕ್ಕೆ, ಅಂದರೆ ನಿಮ್ಮ ಹಳೆಯ 47 ಗ್ರಾಂನದ್ದಕ್ಕೆ, ಕಬ್ಬಿಣವನ್ನು ಜರೋಸೈಟ್ (ಕಬ್ಬಿಣ ಮತ್ತು ಸೋಡಿಯಂ ಸೇರಿದ ಸಲ್ಫೇಟ್ ಹರಳು) ಮಾಡಿ ಇಳಿಸುವುದು ಲೇಸು. 95 ಡಿಗ್ರಿ, ಪಿಎಚ್ 1.5 ರಿಂದ 2, ಪ್ರತಿ ಗ್ರಾಂ ಕಬ್ಬಿಣಕ್ಕೆ 0.42 ಗ್ರಾಂ ಸೋಡಿಯಂ ಸಲ್ಫೇಟ್, ಮೇಲೆ ಹತ್ತಿಪ್ಪತ್ತು ಶೇಕಡಾ. ಹಿಂದಿನ ಸಲದ ಜರೋಸೈಟ್‌ನಿಂದ ಲೀಟರಿಗೆ 10 ರಿಂದ 20 ಗ್ರಾಂ ಬೀಜವಾಗಿ ಹಾಕಿ. ಬೀಜವಿಲ್ಲದಿದ್ದರೆ ಶುರುವಾಗಲಿಕ್ಕೇ ಗಂಟೆಗಟ್ಟಲೆ ಬೇಕು. ಜರೋಸೈಟ್ ಆಗುವಾಗ ಪ್ರತಿ ಕೆಜಿ ಕಬ್ಬಿಣ 1.75 ಕೆಜಿ ಆ್ಯಸಿಡ್ ವಾಪಸ್ ಬಿಡುತ್ತದೆ, ಪಿಎಚ್ ಇಳಿಯುತ್ತಲೇ ಇರುತ್ತದೆ. ಸ್ಯಾಪ್ರೊಲೈಟ್ ಸಿಗುವಂತಿದ್ದರೆ ಅದನ್ನೇ ನುಣ್ಣಗೆ ಅರೆದು ಇಲ್ಲಿ ಹಾಕಿ. ಅದರ ಮೆಗ್ನೀಷಿಯಂ ಸಿಲಿಕೇಟ್ ಆ್ಯಸಿಡ್ ತಿನ್ನುತ್ತದೆ, ಅದರ ನಿಕಲ್ ಹೊರಬರುತ್ತದೆ. ಸುಣ್ಣದಕಲ್ಲಿಗೆ ಹಣ ಹಾಕುವ ಬದಲು ಅದಿರಿಗೇ ಹಾಕಿದಂತೆ. ಆಸ್ಟ್ರೇಲಿಯಾದ ರೇವನ್ಸ್‌ಥಾರ್ಪ್ ಸ್ಥಾವರ ಈ ಜೋಡಿ ಕ್ರಮದ ಮೇಲೇ ಕಟ್ಟಿದ್ದು. ಜರೋಸೈಟ್ ಕೆಸರು ಮಾತ್ರ ಕಾಲಾಂತರದಲ್ಲಿ ಆ್ಯಸಿಡ್ ಬಿಡುತ್ತದೆ, ಅದನ್ನು ಬಯಲಿನಲ್ಲಿ ಸುರಿಯುವಂತಿಲ್ಲ.

ಹುರಿದು ತೆಗೆದ ದ್ರಾವಣಕ್ಕೆ ಇಷ್ಟೆಲ್ಲ ಬೇಡ. 85 ಡಿಗ್ರಿಯಲ್ಲಿಟ್ಟು, ಶೇ. 20 ರಿಂದ 25ರ ಸುಣ್ಣದಕಲ್ಲಿನ ಪುಡಿಯ ಸ್ಲರಿಯನ್ನು ಕಲಕುವ ಸುಳಿಯೊಳಕ್ಕೆ ಹನಿಹನಿಯಾಗಿ ಬಿಡಿ. ಪಿಎಚ್ 3ರವರೆಗೆ ಒಂದು ಗಂಟೆ, ಅಲ್ಲಿ ಒಂದು ಗಂಟೆ ನಿಲ್ಲಿಸಿ ಸೋಸಿ ತೊಳೆಯಿರಿ. ಇದು ಕಬ್ಬಿಣದ ಕೇಕ್, ಹೊರಗೆ ಹೋಗುತ್ತದೆ. ಆಮೇಲೆ 4 ರಿಂದ 4.5ಕ್ಕೆ ಏರಿಸಿ ಅಲ್ಯೂಮಿನಿಯಂ ಮತ್ತು ಉಳಿದ ಕಬ್ಬಿಣ ಇಳಿಸಿ. ಈ ಎರಡನೇ ಕೇಕ್ ಒಂದಿಷ್ಟು ನಿಕಲ್ ಎಳೆದುಕೊಂಡೇ ಬರುತ್ತದೆ. ಅದನ್ನು ಎಸೆಯದೆ ಮುಂದಿನ ಸಲದ ಲೀಚಿಂಗ್‌ಗೆ ಸೇರಿಸಿ. ಇಂಗಾಲಾಮ್ಲದ ನೊರೆ ಉಕ್ಕುತ್ತದೆ, ಪಾತ್ರೆಯ ಮೂರನೇ ಒಂದು ಭಾಗ ಖಾಲಿ ಇರಲಿ. ಫೆರಸ್ ರೂಪದ, ಅಂದರೆ ಪೂರ್ತಿ ಆಕ್ಸಿಡೀಕರಣವಾಗದ, ಕಬ್ಬಿಣ ಪಿಎಚ್ 4ರಲ್ಲಿ ಇಳಿಯುವುದಿಲ್ಲ. ಕೋಬಾಲ್ಟ್‌ಗೆಂದು ಫೆರಸ್ ಸಲ್ಫೇಟ್ ಹಾಕಿದ್ದರೆ ಮೊದಲು ಗಾಳಿ ಹಾಯಿಸಿ ಇಲ್ಲವೇ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಫೆರಿಕ್ ಮಾಡಿಕೊಳ್ಳಿ.

ಕೊನೆಗೆ ನಿಕಲ್ ಇಳಿಸುವುದು. 50 ರಿಂದ 60 ಡಿಗ್ರಿಯಲ್ಲಿ ಹೊಸದಾಗಿ ಸುಟ್ಟ ಮೆಗ್ನೀಷಿಯಂ ಆಕ್ಸೈಡ್ ಬಳಸಿ, ಗ್ರಾಂ ನಿಕಲ್‌ಗೆ 0.69 ಗ್ರಾಂ ಲೆಕ್ಕ. ಮೊದಲು ಅದರ ಶೇ. 90ರಷ್ಟು ಮಾತ್ರ ಹಾಕಿ 3 ಗಂಟೆ ಕಲಕಿ, ಪಿಎಚ್ 7.2 ರಿಂದ 7.5ರಲ್ಲಿ ನಿಲ್ಲಬೇಕು. ಪೂರ್ತಿ ಹಾಕಿದರೆ ಮ್ಯಾಂಗನೀಸ್ ಕೂಡ ಜೊತೆಗೆ ಇಳಿದು ಕೇಕ್ ಕೊಳೆಯಾಗುತ್ತದೆ. ದ್ರಾವಣದಲ್ಲಿ ಉಳಿದ ನಿಕಲ್ಲನ್ನು ಸುಣ್ಣದಿಂದ ಪಿಎಚ್ 8 ರಿಂದ 8.5ರಲ್ಲಿ ಇಳಿಸಿ, ಆ ಕೇಕನ್ನು ಕಬ್ಬಿಣ ತೆಗೆಯುವ ಹಂತಕ್ಕೆ ವಾಪಸ್ ಕೊಡಿ. ಡಬ್ಬಿಯಲ್ಲಿ ಹಳೆಯದಾದ ಆಕ್ಸೈಡ್ ತೇವ ಹೀರಿ ಜಡವಾಗಿರುತ್ತದೆ, ಕರಗದೆ ಕೇಕ್‌ನಲ್ಲೇ ಉಳಿದು ನಿಕಲ್ ಅಂಶವನ್ನು ತಗ್ಗಿಸುತ್ತದೆ. ಒಳ್ಳೆಯ ಕೇಕ್ ಒಣ ತೂಕದಲ್ಲಿ ಶೇ. 35 ರಿಂದ 40 ನಿಕಲ್ ಹೊಂದಿರುತ್ತದೆ, ಹಸಿರು. ಕಂದು ಛಾಯೆ ಬಂದರೆ ಮ್ಯಾಂಗನೀಸ್ ಅಥವಾ ಕಬ್ಬಿಣ ಬಂದಿದೆ.

ಕುಲುಮೆಮನೆ:

ಕ್ಯಾರನ್ ಬಗ್ಗೆ. ಅದರಲ್ಲಿ ಅದಿರನ್ನು ಪೂರ್ತಿ ಒಣಗಿಸಿ, 700 ರಿಂದ 750 ಡಿಗ್ರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ನಲ್ಲಿ ರಿಡ್ಯೂಸ್ ಮಾಡಿ, ಗಾಳಿ ತಾಗದಂತೆ ತಣಿಸಿ, ಅಮೋನಿಯಾ ಮತ್ತು ಅಮೋನಿಯಂ ಕಾರ್ಬೊನೇಟ್‌ನಲ್ಲಿ ಗಾಳಿ ಹಾಯಿಸುತ್ತ ಲೀಚ್ ಮಾಡಬೇಕು. ಶೇ. 30 ತೇವದ ಮಣ್ಣನ್ನು ಒಣಗಿಸಲಿಕ್ಕೇ ಅಪಾರ ಇಂಧನ ಹೋಗುತ್ತದೆ. ನಿಕಲ್ ಶೇ. 75 ರಿಂದ 80, ಕೋಬಾಲ್ಟ್ ಅರ್ಧಕ್ಕಿಂತ ಕಡಿಮೆ. ರಿಡಕ್ಷನ್ ಸ್ವಲ್ಪ ಹೆಚ್ಚಾದರೂ ಕಬ್ಬಿಣ ಲೋಹವಾಗಿ, ಲೀಚಿಂಗ್‌ನಲ್ಲಿ ಮತ್ತೆ ಹೈಡ್ರಾಕ್ಸೈಡ್ ಆಗಿ ಕೋಬಾಲ್ಟನ್ನು ಕಟ್ಟಿಕೊಳ್ಳುತ್ತದೆ. ಅಮೋನಿಯಾ ಮರಳಿ ಪಡೆಯುವ ಗೋಪುರ ಇಲ್ಲದೆ ಅದು ನಡೆಯುವ ಕೆಲಸವಲ್ಲ. ನೇರ ಕುಲುಮೆಯಲ್ಲಿ ಕರಗಿಸುವುದೂ ಈ ಅದಿರಿಗೆ ಒಗ್ಗದು. ಕಬ್ಬಿಣವೆಲ್ಲ ಲೋಹವಾದರೆ 449 ಕೆಜಿಯಲ್ಲಿ 9 ಕೆಜಿ ನಿಕಲ್, ಅಂದರೆ ಶೇ. 2.

ಹೊಗೆ ವಿಚಾರದಲ್ಲಿ ಸಡಿಲ ಬಿಡಬೇಡಿ. ಸಲ್ಫರ್ ಟ್ರೈಆಕ್ಸೈಡನ್ನು ಬರೀ ನೀರಿನಲ್ಲಿ ಗುಳ್ಳೆ ಹಾಯಿಸಿದರೆ ಸೂಕ್ಷ್ಮ ಆ್ಯಸಿಡ್ ಮಂಜಾಗಿ ನೀರನ್ನು ದಾಟಿಬಿಡುತ್ತದೆ. ಕೊಳವೆಯ ಹೊರತುದಿಗೆ ಮೊದಲು ಖಾಲಿ ಬಾಟಲಿ, ದ್ರಾವಣ ಹಿಂದಕ್ಕೆ ಎಳೆದುಕೊಂಡರೆ ತಡೆಯಲು. ಆಮೇಲೆ ಗಾಜಿನ ಉಣ್ಣೆ ತುಂಬಿದ ಒದ್ದೆ ಕಂಬ, ಕೊನೆಗೆ ಶೇ. 10 ಕಾಸ್ಟಿಕ್ ಸೋಡಾದ ಎರಡು ಬಾಟಲಿ. ಎಲ್ಲವೂ ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಗೂಡು) ಒಳಗೆ. ರಬ್ಬರ್ ಕೊಳವೆ ಬೇಡ, ಟೆಫ್ಲಾನ್ ಹಾಕಿ. 100 ಗ್ರಾಂ ಅದಿರಿನಿಂದ 20 ಗ್ರಾಂನಷ್ಟು ಟ್ರೈಆಕ್ಸೈಡ್ ಹೊರಡಬಹುದು ಎಂದುಕೊಂಡರೆ ಅದಕ್ಕೆ ಕಾಸ್ಟಿಕ್ 20 ಗ್ರಾಂ ಬೇಕು. ಎರಡು ಬಾಟಲಿ ಸೇರಿ ಅರ್ಧ ಲೀಟರ್ ಇರಲಿ, ಪ್ರತಿ ಸಲ ಹೊಸದಾಗಿ ತುಂಬಿ.

ಗೋಥೈಟ್:

ಒಂದು ಸೇರ್ಪಡೆ. ಮುಂದೆ ಯಾರದಾದರೂ ಆಟೋಕ್ಲೇವ್ ಸಿಕ್ಕರೆ, ಒಳಮೈ ಟೈಟೇನಿಯಂ ಇದೆಯೇ ಎಂದು ಮೊದಲು ಕೇಳಿ. 250 ಡಿಗ್ರಿಯಲ್ಲಿ ಒತ್ತಡ 40 ಬಾರ್ ಇರುತ್ತದೆ, ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಆ ಆ್ಯಸಿಡ್‌ನಲ್ಲಿ ತಿಂದುಹೋಗುತ್ತದೆ. ಟೈಟೇನಿಯಂ ಪಾತ್ರೆಗೆ ಶುದ್ಧ ಆಮ್ಲಜನಕ ಮಾತ್ರ ಬಿಡಬೇಡಿ, ಲೋಹವೇ ಹೊತ್ತಿಕೊಳ್ಳಬಹುದು. ಆ್ಯಸಿಡ್ಡನ್ನು ತಣ್ಣಗಿರುವಾಗಲೇ ಸ್ಲರಿಗೆ ಬೆರೆಸಬೇಡಿ. ಸ್ಲರಿ ಕಾವಿಗೆ ಬಂದ ಮೇಲೆ ನೈಟ್ರೋಜನ್ ಒತ್ತಡದಿಂದ ಒಳಕ್ಕೆ ತಳ್ಳಿ. ಮೊದಲೇ ಬೆರೆಸಿದರೆ ಕಾವೇರುವ ದಾರಿಯಲ್ಲಿ ಕರಗಿದ ಕಬ್ಬಿಣ ಗೋಡೆಗೂ ಕಲಕುವ ರೆಕ್ಕೆಗೂ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ, ಲೀಚಿಂಗ್ ಎಷ್ಟು ನಿಮಿಷ ನಡೆಯಿತು ಎಂಬ ಲೆಕ್ಕವೂ ಸಿಗುವುದಿಲ್ಲ.